ದೋಣಿ ಎಳೆಯಲು ಸೆಕೆಂಡ್ ಹ್ಯಾಂಡ್ ಗಾಡಿ: ಯಾವುದು ಆಗುತ್ತೆ, ಯಾವುದು ಆಗಲ್ಲ

ದೋಣಿ ಎಳೆಯಲು ಗಾಡಿ ಹುಡುಕುವವರು ಮೊದಲು ಕೇಳುವುದು ‘ಎಷ್ಟು ಹಾರ್ಸ್‌ಪವರ್?’ ಅಂತ. ಆ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡಿ. 2006ರಲ್ಲಿ ಫೋಕ್ಸ್‌ವ್ಯಾಗನ್ ಟೂವರೆಗ್ ಗಾಡಿಯೊಂದು ಬೋಯಿಂಗ್ 747 ವಿಮಾನವನ್ನೇ ಎಳೆದು ತೋರಿಸಿತು. 2012ರಲ್ಲಿ ಟೊಯೋಟ ಟಂಡ್ರಾ ಪಿಕಪ್ ಒಂದು ಎಂಡೆವರ್ ಬಾಹ್ಯಾಕಾಶ ನೌಕೆಯನ್ನು ಲಾಸ್ ಏಂಜಲೀಸ್‌ನ ಸೇತುವೆಯೊಂದನ್ನು ದಾಟಿಸಿತು. ಎರಡೂ ನಿಜ, ಎರಡರಿಂದಲೂ ನಮಗೆ ಉಪಯೋಗವಿಲ್ಲ. ಸಮತಟ್ಟು ನೆಲದಲ್ಲಿ, ಚಕ್ರದ ಮೇಲಿರುವ ಭಾರವನ್ನು ಮೆಲ್ಲಗೆ ಎಳೆಯುವುದು ಅಂಥ ದೊಡ್ಡ ಕೆಲಸವಲ್ಲ. ಎಳೆದದ್ದನ್ನು ಇಳಿಜಾರಿನಲ್ಲಿ ನಿಲ್ಲಿಸಬೇಕು. ಸುಡುಬಿಸಿಲಲ್ಲಿ ಏರು ಹತ್ತಿಸಬೇಕು. ದೋಣಿಯನ್ನು ನೀರಿಗಿಳಿಸಲು ಇರುವ, ಪಾಚಿ ಕಟ್ಟಿದ ರ‍್ಯಾಂಪ್‌ನಿಂದ ನೀರು ಸುರಿಸುತ್ತಿರುವ ದೋಣಿಯನ್ನು ಮೇಲೆ ತರಬೇಕು. ಹಳೇ ಗಾಡಿ ಕೈಕೊಡುವುದು ಈ ಮೂರು ಕಡೆ. ಹಾಗಾಗಿ ಬ್ರೇಕು, ಗೇರ್‌ಬಾಕ್ಸ್‌ನ ತಂಪು, ಹಿಂಬದಿಯ ಗಟ್ಟಿತನ ಇವುಗಳನ್ನು ಮೊದಲು ನೋಡೋಣ. ಎಂಜಿನ್ ಆಮೇಲೆ.

ಮೊದಲು ದೋಣಿಯನ್ನು ತೂಗಿ

ದೋಣಿಯ ಬ್ರೋಷರ್‌ನಲ್ಲಿ ಕೊಟ್ಟಿರುವುದು ಒಣ ತೂಕ, ಅಂದರೆ ಪೆಟ್ರೋಲ್, ಸಾಮಾನು ಬಿಟ್ಟ ತೂಕ. ಎಷ್ಟೋ ಸಲ ಅದರಲ್ಲಿ ಎಂಜಿನ್ ಕೂಡ ಸೇರಿರುವುದಿಲ್ಲ. ಒಂದು ದೋಣಿಯನ್ನೇ ಹಿಡಿದು ಲೆಕ್ಕ ಹಾಕೋಣ. 18 ಅಡಿಯ ಫೈಬರ್‌ಗ್ಲಾಸ್ ದೋಣಿ, ಕಾಗದದ ಮೇಲೆ 950 ಕೆಜಿ. ಹಿಂದೆ ಕೂರುವ 115 ಹಾರ್ಸ್‌ಪವರ್‌ನ ಔಟ್‌ಬೋರ್ಡ್ ಮೋಟರ್ ಸುಮಾರು 165 ಕೆಜಿ. 90 ಲೀಟರ್ ಪೆಟ್ರೋಲಿಗೆ 67 ಕೆಜಿ. ಎರಡು ಬ್ಯಾಟರಿಗೆ 45. ಲಂಗರು, ಸರಪಳಿ, ಹಗ್ಗ, ಲೈಫ್ ಜಾಕೆಟ್, ಐಸ್ ಪೆಟ್ಟಿಗೆ, ಗಾಳಗಳು, ಜೊತೆಗೆ ‘ಇರ್ಲಿ ಬಿಡು’ ಅಂತ ಒಳಗೆ ಹಾಕಿ ಮರೆತದ್ದು, ಎಲ್ಲ ಸೇರಿ 100. ಟ್ರೇಲರ್ 350. ಕೂಡಿಸಿದರೆ 1,677 ಕೆಜಿ. 950 ಅಂತ ಹೇಳಿಕೊಂಡ ದೋಣಿ ರಸ್ತೆಗೆ ಬರುವಷ್ಟರಲ್ಲಿ ಮುಕ್ಕಾಲು ಪಾಲು ದಪ್ಪಗಾಗಿರುತ್ತದೆ. ಮಳೆ ಬಂದು ದೋಣಿಯ ತಳದಲ್ಲಿ 50 ಲೀಟರ್ ನೀರು ನಿಂತಿದ್ದರೆ ಇನ್ನೊಂದು 50 ಕೆಜಿ ಸೇರಿಸಿಕೊಳ್ಳಿ.

ಇದಕ್ಕಿಂತ ಒಳ್ಳೆಯ ದಾರಿ ವೇ ಬ್ರಿಡ್ಜ್. ದೋಣಿ ಈಗಾಗಲೇ ನಿಮ್ಮ ಹತ್ತಿರ ಇದ್ದರೆ ಯಾರದಾದರೂ ಗಾಡಿಗೆ ಕಟ್ಟಿಸಿಕೊಂಡು ಹೋಗಿ, ಎಲ್ಲ ಸಾಮಾನು ತುಂಬಿಸಿ, ಒಮ್ಮೆ ತೂಗಿಸಿಬಿಡಿ. ಆ ಚೀಟಿ ಕೈಯಲ್ಲಿದ್ದರೆ ಮಾರುವವರ ಜೊತೆಗಿನ ಮಾತುಕತೆಯ ಧಾಟಿಯೇ ಬೇರೆಯಾಗುತ್ತದೆ.

ಸಿಕ್ಕಿದ ತೂಕ ಗಾಡಿಯ ಎಳೆಯುವ ಮಿತಿಯ ಶೇ 80ರೊಳಗೆ ಇರಲಿ. ಇದು ಕಾನೂನಲ್ಲ, ಬಹಳ ಜನ ಪಾಲಿಸುವ ರೂಢಿ. ಹೊಸ ಗಾಡಿಗೆ ಇದು ಅತಿ ಎಚ್ಚರಿಕೆ ಅನ್ನಿಸಬಹುದು. ಹತ್ತು ಹದಿನೈದು ವರ್ಷ ದುಡಿದ ಗಾಡಿಗೆ ಮಾತ್ರ ಅದು ಬೇಕೇ ಬೇಕು ಅಂತ ನನ್ನ ಅಭಿಪ್ರಾಯ. ಕಂಪನಿ ಆ ಮಿತಿಯನ್ನು ಬರೆದದ್ದು ರೇಡಿಯೇಟರ್ ಹೊಸದಾಗಿದ್ದಾಗ. ನಮ್ಮ ದೋಣಿಗೆ ಈ ಲೆಕ್ಕದಲ್ಲಿ 2,100 ಕೆಜಿ ಎಳೆಯಬಲ್ಲ ಗಾಡಿ ಬೇಕು. ಈ 2,100 ನೆನಪಿಟ್ಟುಕೊಳ್ಳಿ, ಮುಂದೆ ಎಲ್ಲ ಗಾಡಿಗಳನ್ನೂ ಇದರ ಪಕ್ಕದಲ್ಲೇ ನಿಲ್ಲಿಸಿ ನೋಡುತ್ತೇನೆ.

ಅಂಕಿಯ ಹಿಂದಿನ ಅಂಕಿ

‘ಇಷ್ಟು ಕೆಜಿ ಎಳೆಯುತ್ತೆ’ ಅನ್ನುವುದು ಒಂದೇ ಅಂಕಿಯಾದರೂ ಅದರ ಹಿಂದೆ ಇನ್ನೂ ಮೂರು ಅಂಕಿ ಅಡಗಿವೆ.

ಮೊದಲನೆಯದು ಗಾಡಿ, ಟ್ರೇಲರ್ ಎರಡೂ ಕೂಡಿದ ಒಟ್ಟು ಮಿತಿ. 2010ರ ದಶಕದ ಫೋರ್ಡ್ ರೇಂಜರ್ 3.2 ಲೀಟರ್ ಡೀಸೆಲ್ ಪಿಕಪ್ ನೋಡಿ. 3,500 ಕೆಜಿ ಎಳೆಯುತ್ತದೆ ಅಂತ ಹೆಸರು. ಗಾಡಿಯ ಗರಿಷ್ಠ ತೂಕ 3,200 ಕೆಜಿ, ಎರಡೂ ಕೂಡಿ 6,000 ಕೆಜಿ. ಅಂದರೆ ಪಿಕಪ್ ತುಂಬಾ ಜನ, ಸಾಮಾನು ಹೇರಿದರೆ ಟ್ರೇಲರ್‌ಗೆ ಉಳಿಯುವುದು 2,800 ಮಾತ್ರ. 700 ಕೆಜಿ ಎಲ್ಲಿ ಹೋಯಿತು ಅಂತ ಜಾಹೀರಾತು ಹೇಳುವುದಿಲ್ಲ. ಯುರೋಪಿನ ಗಾಡಿಗಳಲ್ಲಿ ಇದನ್ನು ಕಂಡುಹಿಡಿಯುವುದು ಸುಲಭ. ಬಾಗಿಲ ಚೌಕಟ್ಟಿನಲ್ಲೋ ಬಾನೆಟ್ ಒಳಗೋ ಇರುವ ಫಲಕದಲ್ಲಿ ನಾಲ್ಕು ತೂಕಗಳು ಒಂದರ ಕೆಳಗೊಂದು ಇರುತ್ತವೆ. ಮೊದಲನೆಯದು ಗಾಡಿಯದು, ಎರಡನೆಯದು ಎರಡೂ ಕೂಡಿದ್ದು, ಉಳಿದವು ಮುಂದಿನ ಹಿಂದಿನ ಆಕ್ಸಲ್‌ಗಳದ್ದು. ಎರಡನೆಯದರಲ್ಲಿ ಮೊದಲನೆಯದನ್ನು ಕಳೆಯಿರಿ. ಎರಡನೆಯದು ಬರೆದೇ ಇಲ್ಲವೇ? ಆ ಗಾಡಿ ಏನನ್ನೂ ಎಳೆಯುವ ಹಾಗಿಲ್ಲ.

ಎರಡನೆಯದು ಹಿಚ್ (ಗಾಡಿಯ ಹಿಂದೆ ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಕೂರುವ ಭಾರ. ಎತ್ತಿನ ಗಾಡಿಗೆ ಹೇರು ಹಾಕುವವರನ್ನು ಕೇಳಿದರೆ ಮುಂಭಾರ, ಹಿಂಭಾರ ಅಂತ ಒಂದೇ ಮಾತಿನಲ್ಲಿ ಹೇಳುತ್ತಾರೆ. ಹಿಂಭಾರವಾದರೆ ನೊಗ ಮೇಲೇಳುತ್ತದೆ, ಗಾಡಿ ಓಲಾಡುತ್ತದೆ. ಟ್ರೇಲರ್‌ಗೂ ಅದೇ ಕಥೆ. ಒಟ್ಟು ತೂಕದ ಸುಮಾರು ಶೇ 10ರಷ್ಟು ಹಿಚ್ ಮೇಲೆ ಇಳಿಯಬೇಕು. ಯುರೋಪಿನಲ್ಲಿ ವೇಗ ಕಡಿಮೆ ಇರುವುದರಿಂದ ಇನ್ನೂ ಕಡಿಮೆಗೆ ಒಪ್ಪುತ್ತಾರೆ. ದೋಣಿಯ ಮೋಟರ್ ಹಿಂಬದಿಯಲ್ಲಿರುವುದರಿಂದ ಹಿಂಭಾರವಾಗುವುದು ಬಹಳ ಸುಲಭ, ಆಗ ಹೆದ್ದಾರಿಯಲ್ಲಿ ಟ್ರೇಲರ್ ಬಾಲ ಬೀಸಲು ಶುರು ಮಾಡುತ್ತದೆ. ನಮ್ಮ ದೋಣಿಗೆ ಹಿಚ್ ಭಾರ 168 ಕೆಜಿ. ಈ ಭಾರ ಟ್ರೇಲರ್ ಲೆಕ್ಕಕ್ಕೂ ಸೇರುತ್ತದೆ, ಗಾಡಿ ಹೊರುವ ಲೆಕ್ಕಕ್ಕೂ ಸೇರುತ್ತದೆ. 550 ಕೆಜಿ ಹೊರಬಲ್ಲ ಗಾಡಿಯಲ್ಲಿ ನಾಲ್ಕು ಜನ 280, ಹಿಚ್ ಭಾರ 168, ಹಿಚ್ಚಿನ ಕಬ್ಬಿಣ 20, ಚೀಲಗಳು 80 ಇಟ್ಟರೆ 548. ಮುಗಿಯಿತು. ಐದನೆಯವರನ್ನು ಕರೆಯುವ ಹಾಗಿಲ್ಲ.

ಮೂರನೆಯದು ಬ್ರೇಕ್ ಇಲ್ಲದ ಟ್ರೇಲರ್‌ನ ಮಿತಿ. ಯುರೋಪಿನಲ್ಲೂ ಆಸ್ಟ್ರೇಲಿಯಾದಲ್ಲೂ 750 ಕೆಜಿ ದಾಟಿದ ಟ್ರೇಲರ್‌ಗೆ ತನ್ನದೇ ಬ್ರೇಕ್ ಇರಬೇಕು. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ನಿಯಮ ಬಿಡಿ ಅಂದರೂ, 1,677 ಕೆಜಿಯನ್ನು ಬರೀ ಗಾಡಿಯ ಬ್ರೇಕಿನಲ್ಲಿ ನಿಲ್ಲಿಸುವ ಧೈರ್ಯ ನನಗಂತೂ ಇಲ್ಲ. ಟ್ರೇಲರ್‌ಗೆ ಒಳ್ಳೆಯ ಬ್ರೇಕ್ ಹಾಕಿಸುವ ದುಡ್ಡನ್ನು ಗಾಡಿಯ ಬಜೆಟ್‌ನಲ್ಲೇ ಸೇರಿಸಿಕೊಳ್ಳಿ.

ಇನ್ನೊಂದು ಮಾತು, ಹಳೆಯ ಅಮೆರಿಕನ್ ಗಾಡಿಗಳ ಬಗ್ಗೆ. ಹಿಂದೆಲ್ಲ ಪ್ರತಿ ಕಂಪನಿಯೂ ತನಗೆ ತೋಚಿದ ಹಾಗೆ ಅಳೆದು ಅಂಕಿ ಹೇಳುತ್ತಿತ್ತು. 2008ರಲ್ಲಿ ಎಸ್‌ಎಇ ಜೆ2807 ಅನ್ನುವ, ವಾಹನ ಎಂಜಿನಿಯರ್‌ಗಳ ಸಂಘ ರೂಪಿಸಿದ ಸಮಾನ ಪರೀಕ್ಷೆ ಬಂತು. ಅರಿಜೋನಾದ ಡೇವಿಸ್ ಡ್ಯಾಮ್ ಏರನ್ನು 38 ಡಿಗ್ರಿ ಬಿಸಿಲಲ್ಲಿ, ಏಸಿ ಪೂರ್ತಿ ಹಾಕಿಕೊಂಡು, ಗಂಟೆಗೆ 64 ಕಿ.ಮೀ.ಗಿಂತ ಕೆಳಗಿಳಿಯದೆ ಹತ್ತಬೇಕು. ಶೇ 12ರ ಇಳಿಜಾರಿನಲ್ಲಿ ನಿಂತಲ್ಲಿಂದ ಮತ್ತೆ ಮತ್ತೆ ಹೊರಡಬೇಕು, ಮುಂದಕ್ಕೂ ಹಿಂದಕ್ಕೂ. ಇದನ್ನು ಮೊದಲು ಒಪ್ಪಿಕೊಂಡ ಟೊಯೋಟ 2011ರ ಮಾಡೆಲ್‌ಗಳಲ್ಲಿ ಕೆಲವು ಗಾಡಿಗಳ ಅಂಕಿಯನ್ನು ತಾನೇ ಇಳಿಸಿತು. ಉಳಿದವರು ಮೆಲ್ಲಗೆ ಹಿಂದೆ ಬಂದರು. ಹಾಗಾಗಿ ಅದಕ್ಕಿಂತ ಹಳೆಯ ಗಾಡಿಯ ಅಂಕಿಯನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು.

ಯಾವ ಜಾತಿಯ ಗಾಡಿ?

ನಮ್ಮ 2,100 ಕೆಜಿಗೆ ಮಿನಿವ್ಯಾನ್ ಮೊದಲ ಸುತ್ತಿನಲ್ಲೇ ಹೊರಗೆ. ಟೊಯೋಟ ಸಿಯೆನ್ನಾ, ಹೋಂಡಾ ಒಡಿಸ್ಸಿ ಎರಡರ ಮಿತಿಯೂ ಸುಮಾರು 1,590 ಕೆಜಿ. ಒಡಿಸ್ಸಿಗೆ ಆ ಮಿತಿ ಬರುವುದೂ ಗೇರ್‌ಬಾಕ್ಸ್ ಎಣ್ಣೆಗೆ ಬೇರೆ ಕೂಲರ್ ಹಾಕಿದ ಮೇಲೆ. ಆದರೆ ದೋಣಿ 14 ಅಡಿಯ ಅಲ್ಯೂಮಿನಿಯಂನದ್ದಾಗಿದ್ದು, ಎಲ್ಲ ಸೇರಿ 600–700 ಕೆಜಿ ಒಳಗಿದ್ದರೆ ಮಿನಿವ್ಯಾನ್‌ನಷ್ಟು ಬುದ್ಧಿವಂತ ಆಯ್ಕೆ ಇನ್ನೊಂದಿಲ್ಲ. ಒಳಗೆ ಜಾಗ ಜಾಸ್ತಿ, ಓಡಿಸಲು ಕಾರಿನ ಹಾಗೆ. ಅಂಥ ಪುಟ್ಟ ದೋಣಿಗೆ ಸ್ಟೇಷನ್ ವ್ಯಾಗನ್ ಕೂಡ ಸಾಕು. ಸುಮ್ನೆ ದೊಡ್ಡ ವಿ8 (ಎಂಟು ಸಿಲಿಂಡರ್) ಗಾಡಿ ಕೊಂಡು ವರ್ಷವಿಡೀ ಪೆಟ್ರೋಲ್ ಸುರಿಯಬೇಡಿ.

ಕಾರಿನ ತಳದ ಮೇಲೆ ಕಟ್ಟಿದ ಮೂರು ಸಾಲಿನ ಎಸ್‌ಯುವಿಗಳದ್ದು ಸ್ವಾರಸ್ಯದ ಕಥೆ. 2003ರಿಂದ 2008ರ ತನಕ ಬಂದ ಮೊದಲ ಹೋಂಡಾ ಪೈಲಟ್‌ಗೆ ಕಂಪನಿ ಎರಡು ಮಿತಿ ಕೊಟ್ಟಿತ್ತು: ಬೇರೆ ಟ್ರೇಲರ್‌ಗಾದರೆ ಸುಮಾರು 1,590 ಕೆಜಿ, ದೋಣಿಗಾದರೆ ಸುಮಾರು 2,040. ದೋಣಿಯ ಮೂತಿ ಚೂಪು, ಗಾಳಿಯನ್ನು ಸೀಳಿಕೊಂಡು ಬರುತ್ತದೆ. ಚೌಕಾಕಾರದ ಕ್ಯಾರವಾನ್ ಗೋಡೆಯ ಹಾಗೆ ಗಾಳಿಗೆ ಅಡ್ಡ ನಿಲ್ಲುತ್ತದೆ. ಹೆದ್ದಾರಿಯಲ್ಲಿ ಎಂಜಿನ್ ಸುಸ್ತಾಗುವುದು ಹೆಚ್ಚಾಗಿ ಗಾಳಿಯಿಂದ, ತೂಕದಿಂದಲ್ಲ. ಟೊಯೋಟ ಹೈಲ್ಯಾಂಡರ್ ವಿ6 2008ರ ನಂತರ ಟೋ ಪ್ಯಾಕೇಜ್ (ಎಳೆಯಲೆಂದೇ ಕಾರ್ಖಾನೆಯಲ್ಲಿ ಹಾಕುವ ಕೂಲರ್ ಮುಂತಾದ ಸಲಕರಣೆ) ಇದ್ದರೆ ಸುಮಾರು 2,270 ಕೆಜಿ ಎಳೆಯುತ್ತದೆ. ಕಾಗದದ ಮೇಲೆ ನಮ್ಮ ದೋಣಿಗೆ ಸಾಕು. ನೀರು ಹತ್ತಿರವಿದ್ದು, ದಾರಿ ಸಮತಟ್ಟಾಗಿದ್ದು, ವರ್ಷಕ್ಕೆ ಐದಾರು ಸಲ ಹೋಗುವವರಾದರೆ ಇದನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ. ವಾರ ವಾರ ಬೆಟ್ಟ ಹತ್ತಿ ಹೋಗುವವರಿಗೆ ಬೇಡ. ಇವುಗಳ ಗೇರ್‌ಬಾಕ್ಸ್ ದುಬಾರಿ, ಅದರ ತಾಳ್ಮೆಗೆ ಮಿತಿ ಇದೆ. ಹಂತದ ಗೇರ್‌ಗಳಿಲ್ಲದೆ ಬೆಲ್ಟ್ ಮೇಲೆ ನಡೆಯುವ ಸಿವಿಟಿ ಗೇರ್‌ಬಾಕ್ಸ್ ಇದ್ದರಂತೂ, ಕಂಪನಿಯ ಅಂಕಿ ಏನೇ ಇರಲಿ, ಹಳೇ ಗಾಡಿಯಲ್ಲಿ ಭಾರದ ದೋಣಿಗೆ ನಾನು ಕೈ ಹಾಕುವುದಿಲ್ಲ.

ಲಾರಿಯ ಹಾಗೆ ಚಾಸಿಸ್ ಮೇಲೆ ಬಾಡಿ ಕೂರಿಸಿದ ಮಧ್ಯಮ ಗಾತ್ರದ ಎಸ್‌ಯುವಿಗಳಲ್ಲಿ ಟೊಯೋಟ 4ರನ್ನರ್ ಎಲ್ಲರಿಗೂ ಇಷ್ಟ. 2010ರ ನಂತರದ್ದು ಸುಮಾರು 2,270 ಕೆಜಿ ಎಳೆಯುತ್ತದೆ, ಬೇಗ ಕೆಡುವುದಿಲ್ಲ. ತೊಂದರೆ ಏನಂದರೆ ಅದು ಹಳೆಯದಾದರೂ ಬೆಲೆ ಇಳಿಯುವುದಿಲ್ಲ. ಹೆಸರಿಗೇ ಅರ್ಧ ದುಡ್ಡು ಹೋಗುತ್ತದೆ. ಅದರ ಪಕ್ಕದಲ್ಲಿ ಅಗ್ಗವಾಗಿ ಕಾಣುವುದು 2005ರಿಂದ 2012ರ ತನಕದ ನಿಸ್ಸಾನ್ ಪಾತ್‌ಫೈಂಡರ್, ಮಿತಿ ಸುಮಾರು 2,700 ಕೆಜಿ. ಅಗ್ಗವಾಗಿರಲು ಕಾರಣವೂ ಇದೆ. 2005ರಿಂದ 2010ರ ತನಕದ ಗಾಡಿಗಳಲ್ಲಿ ಗೇರ್‌ಬಾಕ್ಸ್ ಎಣ್ಣೆಯನ್ನು ತಣ್ಣಗಿಡುವ ಕೊಳವೆ ರೇಡಿಯೇಟರ್ ಒಳಗೇ ಇದೆ. ಅದು ಒಡೆದರೆ ಕೂಲಂಟ್ ಹೋಗಿ ಎಣ್ಣೆಯಲ್ಲಿ ಬೆರೆಯುತ್ತದೆ, ಎಣ್ಣೆ ಗುಲಾಬಿ ಹಾಲಿನ ಹಾಗಾಗುತ್ತದೆ. ಅಷ್ಟು ಹೊತ್ತಿಗೆ ಗೇರ್‌ಬಾಕ್ಸ್ ಕಥೆ ಮುಗಿದಂತೆ. ರೇಡಿಯೇಟರ್ ಬದಲಾಯಿಸಿ, ಎಣ್ಣೆಗೆ ಹೊರಗೆ ಬೇರೆ ಕೂಲರ್ ಹಾಕಿಸಿದ ದಾಖಲೆ ಇದ್ದರೆ ಇದು ನಿಜಕ್ಕೂ ಒಳ್ಳೆಯ ವ್ಯಾಪಾರ. ದಾಖಲೆ ಇಲ್ಲದಿದ್ದರೆ ಮುಂದೆ ನಡೆಯಿರಿ.

ಜೀಪ್ ರ‍್ಯಾಂಗ್ಲರ್ ದೋಣಿ ಎಳೆಯುವ ಚಿತ್ರಗಳು ಚೆನ್ನಾಗಿರುತ್ತವೆ, ಅಲ್ವಾ? 2007ರಿಂದ 2018ರ ಜೆಕೆ ಮಾಡೆಲ್‌ನಲ್ಲಿ ಎರಡು ಬಾಗಿಲಿನದ್ದರ ಮಿತಿ ಬರೀ 907 ಕೆಜಿ, ಅದೇ ಎಂಜಿನ್‌ನ ನಾಲ್ಕು ಬಾಗಿಲಿನದ್ದು ಸುಮಾರು 1,590. ಗಾಡಿ ಉದ್ದವಾದಷ್ಟೂ ಟ್ರೇಲರ್ ಅದನ್ನು ಆಡಿಸುವುದು ಕಷ್ಟ. ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ ಎಷ್ಟು ಮುಖ್ಯ ಅನ್ನುವುದು ಇದರಿಂದಲೇ ತಿಳಿಯುತ್ತದೆ. ಚಿಕ್ಕ ಗಾಡಿ ರ‍್ಯಾಂಪ್‌ನ ಇಕ್ಕಟ್ಟಿನಲ್ಲಿ ತಿರುಗಿಸಲು ಸಲೀಸು ಅನ್ನುವುದೂ ನಿಜ. ಆದರೆ ರ‍್ಯಾಂಪ್ ಹತ್ತು ನಿಮಿಷದ ಕೆಲಸ, ದಾರಿ ಎರಡು ಗಂಟೆಯದ್ದು.

ಈಗ ದೊಡ್ಡ ವಿ8 ಎಸ್‌ಯುವಿಗಳು. ಶೆವ್ರೊಲೆ ಟಾಹೋ, ಸಬರ್ಬನ್, ಫೋರ್ಡ್ ಎಕ್ಸ್‌ಪೆಡಿಶನ್, ಟೊಯೋಟ ಸಿಕೋಯಾ. ಕಡಿಮೆ ದುಡ್ಡಿಗೆ ಜಾಸ್ತಿ ಎಳೆಯುವ ಶಕ್ತಿ ಬೇಕೆಂದರೆ ಇವಕ್ಕೆ ಸಾಟಿ ಇಲ್ಲ. ಪೆಟ್ರೋಲ್ ಕುಡಿಯುತ್ತವೆ ಅನ್ನುವ ಕಾರಣಕ್ಕೇ ಇವುಗಳ ಬೆಲೆ ಬೇಗ ಇಳಿಯುತ್ತದೆ. ದಿನಾ ಕೆಲಸಕ್ಕೆ ಬೇರೆ ಗಾಡಿ ಇದ್ದು ಇದನ್ನು ದೋಣಿಗೆ ಮಾತ್ರ ಇಟ್ಟುಕೊಳ್ಳುವವರಿಗೆ ಆ ಖರ್ಚು ಅಷ್ಟೇನೂ ತಟ್ಟುವುದಿಲ್ಲ. ನಮ್ಮ 1,677 ಕೆಜಿ ಇವುಗಳ ಮಿತಿಯ ಅರ್ಧದ ಆಸುಪಾಸು, ಹಾಗಾಗಿ ಗಾಡಿ ಏದುಸಿರು ಬಿಡದೆ ಎಳೆಯುತ್ತದೆ. ಹಳೇ ಯಂತ್ರಕ್ಕೆ ಬೇಕಾದದ್ದು ಅದೇ.

ಇವುಗಳಲ್ಲೂ ಆರಿಸಿಕೊಳ್ಳಬೇಕು. 2007ರಿಂದ 2014ರ ಟಾಹೋ 5.3 ಲೀಟರ್ ಎಂಜಿನ್ ಗಟ್ಟಿ, ಆದರೆ ಪೆಟ್ರೋಲ್ ಉಳಿಸಲು ಕೆಲವು ಸಿಲಿಂಡರ್‌ಗಳನ್ನು ಮಲಗಿಸುವ ಏರ್ಪಾಡು ಅದರಲ್ಲಿದೆ. ಎಣ್ಣೆ ಕುಡಿಯುವುದು, ವಾಲ್ವ್ ಎತ್ತುವ ಲಿಫ್ಟರ್ ಕೆಡುವುದು ಅಲ್ಲಿಂದಲೇ ಶುರು. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಟಕ್ ಟಕ್ ಸದ್ದು ಬರುತ್ತದೆಯೇ ಅಂತ ಕಿವಿಗೊಡಿ. 2009ರಿಂದ ಆರು ಗೇರಿನ ಆಟೊಮ್ಯಾಟಿಕ್ ಬಂತು, ಎಳೆಯಲು ಹಿಂದಿನ ನಾಲ್ಕು ಗೇರಿನದ್ದಕ್ಕಿಂತ ಎಷ್ಟೋ ಮೇಲು. ಗ್ಲೋವ್ ಬಾಕ್ಸ್ ಒಳಗೆ ಪುಟ್ಟ ಸಂಕೇತಗಳ ಚೀಟಿ ಅಂಟಿಸಿರುತ್ತಾರೆ. ಝಡ್82 ಇದ್ದರೆ ಟ್ರೇಲರ್ ಸಲಕರಣೆ ಕಾರ್ಖಾನೆಯಲ್ಲೇ ಹಾಕಿದ್ದು. ಜಿಯು6 ಅಂದರೆ ಆಕ್ಸಲ್ ಅನುಪಾತ 3.42, ಜಿಟಿ4 ಅಂದರೆ 3.73. ಈ ಅಂಕಿ ದೊಡ್ಡದಾದಷ್ಟೂ ಎಳೆಯಲು ಸಲೀಸು, ಪೆಟ್ರೋಲ್ ಸ್ವಲ್ಪ ಜಾಸ್ತಿ. ಮಾರುವವರಿಗೇ ಗೊತ್ತಿಲ್ಲದ ವಿಷಯ ಆ ಚೀಟಿಯಲ್ಲಿ ಇರುವುದುಂಟು.

ಎಕ್ಸ್‌ಪೆಡಿಶನ್‌ನ ಹಿಂದಿನ ಚಕ್ರಗಳು 2003ರಿಂದ ಒಂದೊಂದೂ ಸ್ವತಂತ್ರವಾಗಿ ಆಡುತ್ತವೆ, ಕೂತು ಹೋಗಲು ಹಿತ. ಆದರೆ ಅದರ 5.4 ಲೀಟರ್ ಮೂರು ವಾಲ್ವ್ ಎಂಜಿನ್ ಸ್ಪಾರ್ಕ್ ಪ್ಲಗ್ ಬಿಚ್ಚುವಾಗ ಮುರಿದುಕೊಳ್ಳುವುದಕ್ಕೆ, ವಾಲ್ವ್ ತೆರೆಯುವ ಹೊತ್ತನ್ನು ಹೊಂದಿಸುವ ಕ್ಯಾಮ್ ಫೇಸರ್‌ನ ಸದ್ದಿಗೆ ಹೆಸರುವಾಸಿ. ಪ್ಲಗ್ ಬದಲಾಯಿಸಿದ ರಸೀದಿ ಇದ್ದರೆ ಅರ್ಧ ಭಯ ಕಡಿಮೆ. ಸಿಕೋಯಾದ ಮೊದಲ ಪೀಳಿಗೆಯ 4.7 ಲೀಟರ್ ಎಂಜಿನ್‌ಗೆ ಟೈಮಿಂಗ್ ಬೆಲ್ಟ್ ಇದೆ, ಸುಮಾರು 1,45,000 ಕಿ.ಮೀ.ಗೆ ಬದಲಾಯಿಸಬೇಕು. 2008ರಿಂದ ಬಂದ 5.7 ಲೀಟರ್‌ನದ್ದಕ್ಕೆ ಚೈನ್, ಆ ತಲೆನೋವಿಲ್ಲ.

ಪಿಕಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಬೇಕಾದವರು ಹೇಗೂ ಅದನ್ನೇ ಕೊಳ್ಳುತ್ತಾರೆ. ಒಂದೇ ಎಚ್ಚರಿಕೆ. 2005ರಿಂದ 2015ರ ಟೊಯೋಟ ಟಕೋಮಾ ವಿ6 ಟೋ ಪ್ಯಾಕೇಜ್ ಇದ್ದರೆ ಸುಮಾರು 2,950 ಕೆಜಿ ಎಳೆಯುತ್ತದೆ, ಇಲ್ಲದಿದ್ದರೆ 1,590. ಹೊರಗಿನಿಂದ ಎರಡೂ ಒಂದೇ ಥರ. ಹಿಂದೆ ಯಾರೋ ಹಿಚ್ ಬೋಲ್ಟ್ ಮಾಡಿದ ಮಾತ್ರಕ್ಕೆ ಕೂಲರ್ ತಾನಾಗಿ ಬರುವುದಿಲ್ಲ. ಹಿಚ್ಚಿಗೆ 3,500 ಕೆಜಿ ಅಂತ ಅಚ್ಚು ಹಾಕಿದ್ದರೆ ಅದು ಆ ಕಬ್ಬಿಣದ ಶಕ್ತಿ, ಗಾಡಿಯದಲ್ಲ.

ಕೊನೆಗೆ ಆಸೆ ಹುಟ್ಟಿಸುವ ಗುಂಪು: ಟೂವರೆಗ್, ಪೋರ್ಶೆ ಕಯೆನ್, ಲ್ಯಾಂಡ್ ರೋವರ್ ಡಿಸ್ಕವರಿ 3. ಮೂರೂ 3,500 ಕೆಜಿ ಎಳೆಯುತ್ತವೆ, ಎಳೆಯುವಾಗ ಹಿಂದೆ ದೋಣಿ ಇದೆ ಅನ್ನುವುದೇ ಮರೆತುಹೋಗುತ್ತದೆ. ಹಳೆಯದು ಕೈಗೆಟಕುವ ಬೆಲೆಗೆ ಸಿಗುತ್ತದೆ. ರಿಪೇರಿ ಮಾತ್ರ ಹೊಸ ಗಾಡಿಯ ಬೆಲೆಯ ಲೆಕ್ಕದಲ್ಲೇ ಉಳಿದಿರುತ್ತದೆ. ಡಿಸ್ಕವರಿಯ ಕೆಲವು ಎಂಜಿನ್ ಕೆಲಸಗಳಿಗೆ ಇಡೀ ಬಾಡಿಯನ್ನೇ ಚಾಸಿಸ್‌ನಿಂದ ಎತ್ತುತ್ತಾರೆ. ನೀವೇ ಸ್ಪ್ಯಾನರ್ ಹಿಡಿಯುವವರಾದರೆ, ಇನ್ನೊಂದು ಗಾಡಿ ಮನೆಯಲ್ಲಿದ್ದರೆ, ನೋಡಿ. ಇಲ್ಲದಿದ್ದರೆ ದೂರದಿಂದಲೇ ಮೆಚ್ಚಿಕೊಳ್ಳಿ.

ರ‍್ಯಾಂಪ್ ಮೇಲೆ ಏನಾಗುತ್ತೆ

ದೋಣಿ ಇಳಿಸುವ ರ‍್ಯಾಂಪ್‌ನ ಇಳಿಜಾರು ಸಾಮಾನ್ಯವಾಗಿ ಶೇ 12ರಿಂದ 15. ಅಂದರೆ 2,000 ಕೆಜಿ ಗಾಡಿ ಮತ್ತು ನಮ್ಮ ದೋಣಿ ಸೇರಿ, ಶೇ 15ರ ಇಳಿಜಾರಿನಲ್ಲಿ ಸುಮಾರು 550 ಕೆಜಿಯಷ್ಟು ಬಲ ಎಲ್ಲವನ್ನೂ ನೀರಿನ ಕಡೆಗೆ ಎಳೆಯುತ್ತಿರುತ್ತದೆ. ಅದನ್ನು ತಡೆದು ಮೇಲೆ ಹತ್ತಬೇಕಾದದ್ದು ಟಯರಿನ ಹಿಡಿತ.

ಎಂಜಿನ್ ಮುಂದಿನ ಚಕ್ರಗಳನ್ನು ಮಾತ್ರ ತಿರುಗಿಸುವ ಗಾಡಿಗಳಿಗೆ ಇಲ್ಲಿ ಕಷ್ಟ ಅನ್ನುತ್ತಾರೆ. ಹೌದು, ಆದರೆ ಪೂರ್ತಿ ಅಲ್ಲ. ಇಳಿಜಾರು ಮತ್ತು ಹಿಚ್ ಭಾರ ಸೇರಿ ಗಾಡಿಯ ಮೂತಿಯನ್ನು ಹಗುರ ಮಾಡುತ್ತವೆ, ಮುಂದಿನ ಟಯರ್ ಸುಮ್ನೆ ತಿರುಗುತ್ತದೆ. ಆದರೆ ಆ ಟಯರ್ ನಿಂತಿರುವುದು ಮೇಲಿನ ಒಣ ಕಾಂಕ್ರೀಟಿನಲ್ಲಿ. ಹಿಂದಿನ ಚಕ್ರ ತಿರುಗುವ ಗಾಡಿಗೆ ಭಾರವೇನೋ ಸರಿಯಾದ ಜಾಗದಲ್ಲಿ ಕೂತಿರುತ್ತದೆ, ಟಯರ್ ಮಾತ್ರ ನೀರಂಚಿನ ಪಾಚಿಯ ಮೇಲೆ. ಒಣಗಿದ, ಗೀರು ಹಾಕಿದ ಒಳ್ಳೆಯ ರ‍್ಯಾಂಪ್‌ನಲ್ಲಿ ಎರಡೂ ನಡೆಯುತ್ತವೆ. ನೀರಿನ ಮಟ್ಟ ಏರಿಳಿಯುವ ಕಡೆ ಪಾಚಿ ಮೇಲಿನವರೆಗೂ ಹಬ್ಬಿರುತ್ತದೆ, ಅಲ್ಲಿ ನಾಲ್ಕು ಚಕ್ರವೂ ತಿರುಗುವ ಗಾಡಿಯೇ ಬೇಕು. ಲೋ ರೇಂಜ್ ಗೇರ್ ಇದ್ದರೆ ಇನ್ನೂ ಒಳ್ಳೆಯದು, ಗೇರ್‌ಬಾಕ್ಸ್ ಬಿಸಿಯಾಗದೆ ಇಂಚಿಂಚೇ ಮೇಲೆ ಬರಬಹುದು. ನೀವು ಹೋಗುವ ರ‍್ಯಾಂಪನ್ನು ಒಮ್ಮೆ ನೀರು ಇಳಿದಾಗ ನಡೆದು ನೋಡಿ ಬನ್ನಿ. ನಿಮ್ಮ ಚಪ್ಪಲಿ ಜಾರಿದರೆ ಟಯರೂ ಜಾರುತ್ತದೆ. ನಾಲ್ಕು ಚಕ್ರದ ಗಾಡಿಗೆ ಜಾಸ್ತಿ ದುಡ್ಡು ಕೊಡಬೇಕೋ ಬೇಡವೋ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಹ್ಯಾಂಡ್‌ಬ್ರೇಕ್ ಕೂಡ ಇಲ್ಲಿ ಪ್ರಾಣ ಉಳಿಸುವ ವಸ್ತು. ಬರೀ ಪಾರ್ಕ್‌ಗೆ ಹಾಕಿ ಇಳಿದರೆ ಅಷ್ಟೂ ಭಾರ ಗೇರ್‌ಬಾಕ್ಸ್ ಒಳಗಿನ ಒಂದು ಸಣ್ಣ ಹಲ್ಲಿನ ಮೇಲೆ ನಿಲ್ಲುತ್ತದೆ. ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ ಪಾರ್ಕ್, ಜೊತೆಗೆ ಚಕ್ರಕ್ಕೊಂದು ಅಡೆಗಟ್ಟೆ.

ನೋಡಲು ಹೋದಾಗ

ಎಂಜಿನ್ ತಣ್ಣಗಿರುವಾಗಲೇ ಹೋಗಿ. ಬಿಸಿ ಮಾಡಿ ಇಟ್ಟಿದ್ದರೆ ಯಾಕೆ ಅಂತ ಕೇಳಿ.

ಮೊದಲು ಗಾಡಿಯ ಕೆಳಗೆ ಮಲಗಿ ನೋಡಿ. ಹಿಂದಿನ ಮಾಲೀಕರೂ ದೋಣಿ ಎಳೆಯುತ್ತಿದ್ದರೆ, ಅದೂ ಉಪ್ಪು ನೀರಿನಲ್ಲಿ, ಹಿಂಭಾಗವೇ ಅವರ ಕಥೆ ಹೇಳುತ್ತದೆ. ಚಾಸಿಸ್‌ನ ಕೊನೆ, ಹಿಂದಿನ ಬ್ರೇಕ್ ಕೊಳವೆಗಳು, ಹ್ಯಾಂಡ್‌ಬ್ರೇಕ್ ಕೇಬಲ್, ಗೇರ್‌ಬಾಕ್ಸ್ ಕೂಲರ್‌ಗೆ ಹೋಗುವ ಕೊಳವೆಗಳು. ಸ್ಕ್ರೂಡ್ರೈವರ್ ಹಿಡಿಯಿಂದ ಚಾಸಿಸ್ ತಟ್ಟುತ್ತಾ ಬನ್ನಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ತಿಂದುಹೋದದ್ದು ಡಬ್ ಅನ್ನುತ್ತದೆ. ಟೊಯೋಟ ಹೆಸರಿದ್ದರೂ ಇದನ್ನು ಬಿಡಬೇಡಿ. 2005ರಿಂದ 2010ರ ಟಕೋಮಾ, 2007–08ರ ಟಂಡ್ರಾ, 2005ರಿಂದ 2008ರ ಸಿಕೋಯಾಗಳ ಚಾಸಿಸ್ ತುಕ್ಕಿನ ವಿಷಯ ಅಮೆರಿಕದಲ್ಲಿ ಕೋರ್ಟಿನ ತನಕ ಹೋಗಿ ರಾಜಿಯಾಯಿತು. ಹೊಸ ಚಾಸಿಸ್ ಹಾಕಿಸಿದ್ದರೆ ಅಂಥ ಗಾಡಿಯೇ ಬೇರೆಯವಕ್ಕಿಂತ ಒಳ್ಳೆಯದು. ಹೊಸದಾಗಿ ಕಪ್ಪು ಬಣ್ಣ ಬಳಿದ ಚಾಸಿಸ್ ಕಂಡರೆ ಮಾತ್ರ ಇನ್ನೂ ಜೋರಾಗಿ ತಟ್ಟಿ.

ಗೇರ್‌ಬಾಕ್ಸ್ ಎಣ್ಣೆ ಅಳೆಯುವ ಕಡ್ಡಿ ಇದ್ದರೆ ತೆಗೆದು ಬಿಳಿ ಬಟ್ಟೆಗೆ ಒರೆಸಿ. ಕೆಂಪಾಗಿರಬೇಕು. ಸ್ವಲ್ಪ ಕಂದಾದರೆ ಬದಲಾಯಿಸಿದರಾಯಿತು. ಕಪ್ಪಾಗಿ ಸುಟ್ಟ ವಾಸನೆ ಬಂದರೆ ನಮಸ್ಕಾರ ಹೇಳಿ ಬನ್ನಿ. ಈಗಿನ ಹಲವು ಗಾಡಿಗಳಲ್ಲಿ ಕಡ್ಡಿಯೇ ಇಲ್ಲ, ‘ಇದರ ಎಣ್ಣೆ ಜೀವನಪೂರ್ತಿ ಬರುತ್ತೆ’ ಅನ್ನುತ್ತಾರೆ. ಎಳೆಯುವ ಗಾಡಿಗೆ ಆ ಮಾತು ಅನ್ವಯಿಸುವುದಿಲ್ಲ. ಎಣ್ಣೆ ಬದಲಾಯಿಸಿದ ರಸೀದಿ ಕೇಳಿ.

ಓಡಿಸುವಾಗ ಕಡಿಮೆಯೆಂದರೂ ಅರ್ಧ ಗಂಟೆ ಬೇಕು. ಎಲ್ಲ ಬಿಸಿಯಾದ ಮೇಲೆ 60ರಿಂದ 80 ಕಿ.ಮೀ. ವೇಗದಲ್ಲಿ ಆಕ್ಸಿಲರೇಟರ್ ಹಗುರವಾಗಿ ಒತ್ತಿಕೊಂಡು ಹೋಗಿ. ರಸ್ತೆಯಲ್ಲಿ ಸಣ್ಣ ಉಬ್ಬುಗಳ ಮೇಲೆ ಹೋದ ಹಾಗೆ ಗಾಡಿ ಗುಳುಗುಳು ನಡುಗಿದರೆ ಎಂಜಿನ್ ಶಕ್ತಿಯನ್ನು ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಸುಸ್ತಾಗಿದೆ. ಏರಿನಲ್ಲಿ ನಿಲ್ಲಿಸಿ ರಿವರ್ಸ್‌ನಲ್ಲಿ ಹತ್ತಿಸಿ ನೋಡಿ. ಅದೇ ಏರಿನಲ್ಲಿ ಬರೀ ಹ್ಯಾಂಡ್‌ಬ್ರೇಕ್ ಹಾಕಿ ನ್ಯೂಟ್ರಲ್‌ಗೆ ತನ್ನಿ, ಗಾಡಿ ಜಾರುತ್ತದೆಯೇ ಅಂತ ನೋಡಿ. ನಾಲ್ಕು ಚಕ್ರದ್ದಾದರೆ ಲೋ ರೇಂಜ್ ನಿಜವಾಗಿ ಬೀಳುತ್ತದೆಯೇ ಅಂತಲೂ ನೋಡಿ. ವರ್ಷಗಟ್ಟಲೆ ಮುಟ್ಟದೆ ಅಂಟಿಕೊಂಡವು ಬಹಳ.

ಸಣ್ಣ ವಿಷಯಗಳು: ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, 2319 ಅಂದರೆ 2019ರ 23ನೇ ವಾರ. ಗೆರೆ ಆಳವಾಗಿದ್ದರೂ ಹತ್ತು ವರ್ಷದ ಟಯರ್ ಬೇಡ. ಹಿಚ್ ಬಳಿ ವೈರುಗಳನ್ನು ಟೇಪು ಸುತ್ತಿ ಜೋಡಿಸಿದ್ದರೆ ಒಳಗೆ ಹಸಿರು ಕಿಲುಬು ಹಿಡಿದ ತಾಮ್ರ ಇರುತ್ತದೆ, ಪೂರ್ತಿ ಬದಲಾಯಿಸುವ ಲೆಕ್ಕ ಹಾಕಿಕೊಳ್ಳಿ. ಹಿಂದೆ ಗಾಳಿ ತುಂಬಿದ ಸಸ್ಪೆನ್ಷನ್ ಇದ್ದರೆ ರಾತ್ರಿ ನಿಲ್ಲಿಸಿ ಬೆಳಗ್ಗೆ ಕೂತುಬಿಟ್ಟಿದೆಯೇ ಕೇಳಿ.

ಸಮುದ್ರಮಟ್ಟದಿಂದ ಎತ್ತರದ ಕೆರೆಗೆ ಹೋಗುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ: ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರ್‌ಗೆ ಸುಮಾರು ಶೇ 3 ಶಕ್ತಿ ಕಳೆದುಕೊಳ್ಳುತ್ತದೆ. 2,000 ಮೀಟರ್ ಮೇಲೆ ಐದರಲ್ಲಿ ಒಂದು ಪಾಲು ಹೋಯಿತು. ಅಂಥ ಕಡೆ ಟರ್ಬೊ ಡೀಸೆಲ್ ಆರಾಮ.

ನನ್ನ ಆಯ್ಕೆ ಕೇಳಿದರೆ, ನಮ್ಮ 1,677 ಕೆಜಿ ದೋಣಿಗೆ 2009ರ ನಂತರದ, ಟೋ ಪ್ಯಾಕೇಜ್ ಇರುವ, ತುಕ್ಕಿಲ್ಲದ ಟಾಹೋ. ಅದರಲ್ಲೂ ನಾಲ್ಕು ಚಕ್ರದ್ದು. ರಸ್ತೆ ಸಮತಟ್ಟಾಗಿದ್ದು ದಿನಾ ಓಡಿಸುವ ಗಾಡಿಯೂ ಅದೇ ಆಗಬೇಕಿದ್ದರೆ ಹೈಲ್ಯಾಂಡರ್. ಇನ್ನು ವರ್ಷಕ್ಕೆ ಎರಡೇ ಸಲ, ಅದೂ ಐದು ಕಿ.ಮೀ. ಎಳೆಯುವವರಾದರೆ ಗಾಡಿಯೇ ಕೊಳ್ಳಬೇಡಿ. ದೋಣಿಯನ್ನು ನೀರಿನ ಹತ್ತಿರವೇ ಬಾಡಿಗೆ ಜಾಗದಲ್ಲಿ ನಿಲ್ಲಿಸಿ, ಎಳೆಯುವ ಕೆಲಸಕ್ಕೆ ಯಾರನ್ನಾದರೂ ಕರೆಯಿರಿ. ಬಾಡಿಗೆ ಗಾಡಿ ತರುವ ಯೋಚನೆ ಇದ್ದರೆ ಕರಾರು ಓದಿ, ಟ್ರೇಲರ್ ಕಟ್ಟುವ ಹಾಗಿಲ್ಲ ಅಂತ ಬಹಳ ಕಡೆ ಬರೆದಿರುತ್ತದೆ. ಲೈಸೆನ್ಸನ್ನೂ ನೋಡಿಕೊಳ್ಳಿ. ಯುರೋಪಿನ ಸಾಮಾನ್ಯ ಬಿ ಲೈಸೆನ್ಸ್ ಇರುವ ದೇಶಗಳಲ್ಲಿ, 750 ಕೆಜಿ ಮೀರಿದ ಟ್ರೇಲರ್ ಆದರೆ ಎರಡೂ ಕೂಡಿ 3,500 ಕೆಜಿ ದಾಟಬಾರದು ಅನ್ನುವುದು ಬಹುಕಾಲದ ನಿಯಮ. ಟಾಹೋದಂಥ ಗಾಡಿ ಒಂದೇ ಅದರ ಬಹುಪಾಲು ತಿಂದುಬಿಡುತ್ತದೆ.

ಕೊಂಡ ಮೇಲೆ ಕೈಯಲ್ಲಿ ಸ್ವಲ್ಪ ದುಡ್ಡು ಉಳಿದಿರಲಿ. ಗೇರ್‌ಬಾಕ್ಸ್ ಎಣ್ಣೆ, ಡಿಫರೆನ್ಷಿಯಲ್ ಎಣ್ಣೆ, ಕೂಲಂಟ್, ಬ್ರೇಕ್ ಎಣ್ಣೆ ನಾಲ್ಕನ್ನೂ ಮೊದಲ ವಾರವೇ ಬದಲಾಯಿಸಿಬಿಡಿ. ಆಮೇಲೆ ದೋಣಿ ಇಲ್ಲದೆ, ಬರೀ ಖಾಲಿ ಟ್ರೇಲರ್ ಕಟ್ಟಿಕೊಂಡು, ಬೆಳಗ್ಗೆ ಬೇಗ, ನೋಡುವವರು ಯಾರೂ ಇಲ್ಲದ ಹೊತ್ತಿನಲ್ಲಿ ರ‍್ಯಾಂಪ್‌ಗೆ ಹೋಗಿ ಹತ್ತು ಸಲ ರಿವರ್ಸ್ ಮಾಡಿ. ಸ್ಟೀರಿಂಗ್‌ನ ಕೆಳಭಾಗ ಹಿಡಿದುಕೊಳ್ಳಿ. ಕೈ ಎಡಕ್ಕೆ ಹೋದರೆ ಟ್ರೇಲರ್ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ.